ಸವೆತದ ಸಂಸ್ಕಾರ

ವಸ್ತುವಿನ ಮೇಲೆ ಕ್ರಿಯೆ ನಡೆದಾಗ ಅದರಲ್ಲಿ ಆಗುವುದೇನು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಕಾರರಲ್ಲಿ ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು ಮೀಮಾಂಸಕರು. ಯಜ್ಞಕ್ಕೆ ತಂದ ಭತ್ತ, ಹಾಲು, ಪಾತ್ರೆಗಳ ಮೇಲೂ ಯಜ್ಞ ಮಾಡಿಸುವ ಯಜಮಾನನ ಮೇಲೂ ಒಂದಲ್ಲ ಒಂದು ಕ್ರಿಯೆ ನಡೆಯಲೇಬೇಕಾದ್ದರಿಂದ, ಆ ಕ್ರಿಯೆಯ ಫಲ ಎಲ್ಲಿ ನೆಲೆಸುತ್ತದೆ, ಅದು ಯಾವಾಗ ಮುಗಿಯಿತೆಂದು ತಿಳಿಯಬೇಕು ಎಂಬುದು ಅವರಿಗೆ ಬರಿಯ ತರ್ಕದ ಮಾತಾಗಿರದೆ ಆಚರಣೆಯ ಮಾತೂ ಆಗಿತ್ತು. ಜೈಮಿನಿಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿಯು, ಯಾವುದು ನಡೆದ ಬಳಿಕ ವಸ್ತುವು ಒಂದು ಪ್ರಯೋಜನಕ್ಕೆ ಯೋಗ್ಯವಾಗುವುದೋ ಅದು ಸಂಸ್ಕಾರ ಎಂಬ ಅರ್ಥದ ಲಕ್ಷಣವನ್ನು ಕೊಡುತ್ತಾನೆ. ಶಂಕರಾಚಾರ್ಯರು ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಇದೇ ವಿಷಯವನ್ನು ಬೇರೆ ಬಗೆಯಲ್ಲಿ ಒಡೆದು ನೋಡುತ್ತಾರೆ: ವಸ್ತುವಿಗೆ ಇಲ್ಲದ ಗುಣವನ್ನು ತಂದಿಡುವ ಗುಣಾಧಾನ ಒಂದು, ಇರುವ ದೋಷವನ್ನು ನೀಗುವ ದೋಷಾಪನಯನ ಇನ್ನೊಂದು, ಸಂಸ್ಕಾರವೆಂಬುದು ಈ ಎರಡರಲ್ಲಿ ಒಂದಾಗಿರಲೇಬೇಕು.

ಮೇಲುನೋಟಕ್ಕೆ ಎರಡೂ ಒಂದೇ ಮಾತಿನಂತೆ ಕಂಡರೂ ಅವುಗಳ ನೋಟ ನೆಟ್ಟಿರುವ ಕಡೆ ಬೇರೆ. ಶಬರನ ಲಕ್ಷಣವು ವಸ್ತುವಿನಿಂದಾಚೆಗೆ, ಅದು ಮುಂದೆ ಮಾಡಬೇಕಾದ ಕೆಲಸದ ಕಡೆಗೆ ನೋಡಿದರೆ, ಶಂಕರರ ವಿಭಾಗವು ವಸ್ತುವಿನ ಒಳಗೆ, ಅದರಲ್ಲಿ ಹೆಚ್ಚಿದ್ದೇನು ತಗ್ಗಿದ್ದೇನು ಎಂಬ ಲೆಕ್ಕದ ಕಡೆಗೆ ನೋಡುತ್ತದೆ. ಉಪನಯನ, ವಿವಾಹಗಳಂತಹ ವಿಧಿಗಳನ್ನು ಎದುರಿಗಿಟ್ಟುಕೊಂಡು ಈ ಎರಡನ್ನು ತೂಗಿ ನೋಡುವುದು ಕಷ್ಟ. ಅಲ್ಲಿ ಮನಸ್ಸು, ನಂಬಿಕೆ, ಸಮಾಜ ಮತ್ತು ಕಣ್ಣಿಗೆ ಕಾಣದ ಫಲ ಎಲ್ಲವೂ ಕೂಡಿಕೊಂಡು ಪ್ರಶ್ನೆಯನ್ನು ಮಸುಕುಗೊಳಿಸುತ್ತವೆ. ಮನಸ್ಸಿಲ್ಲದ, ಅದೃಷ್ಟಫಲದ ಗೊಡವೆಯಿಲ್ಲದ, ಆದರೂ ಸಂಸ್ಕಾರವಿಲ್ಲದೆ ಕೆಲಸಕ್ಕೆ ಬಾರದ ವಸ್ತುವೊಂದು ಸಿಕ್ಕರೆ ವಿಚಾರ ತಿಳಿಯಾದೀತು. ಮಾದರಿ ವಿಮಾನವನ್ನು ಹಾರಿಸುವ ಪುಟ್ಟ ಪೆಟ್ರೋಲ್ ಎಂಜಿನ್ ಅಂತಹ ವಸ್ತು.

ಈ ಎಂಜಿನ್ನಿನ ಕಥೆ 1930ರ ದಶಕದ ಅಮೆರಿಕದಲ್ಲಿ ಮೊದಲಾಗುತ್ತದೆ. ಫಿಲಡೆಲ್ಫಿಯಾದ ವಿಲಿಯಂ ಬ್ರೌನ್ ಎಂಬ ತರುಣ ತಯಾರಿಸಿದ, ಸುಮಾರು 10 ಸಿಸಿ ಗಾತ್ರದ ಎಂಜಿನ್ನನ್ನು ಕೂರಿಸಿಕೊಂಡ ಮ್ಯಾಕ್ಸ್‌ವೆಲ್ ಬ್ಯಾಸೆಟ್‌ನ ವಿಮಾನವು 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಎಳೆಯ ತಿರುಚುವಿಕೆಯಿಂದ ಹಾರುವ ಮಾದರಿಗಳನ್ನು ಹಿಂದಿಕ್ಕಿದ ಮೇಲೆ ಪೆಟ್ರೋಲ್ ಈ ಹವ್ಯಾಸದ ಇಂಧನವಾಯಿತು. ಎರಡನೆಯ ಮಹಾಯುದ್ಧದ ಬೆನ್ನಿಗೇ ರೇ ಆರ್ಡೆನ್ ರೂಢಿಗೆ ತಂದ ಗ್ಲೋ ಪ್ಲಗ್ಗು, ಅಂದರೆ ಕಿಡಿಯಿಲ್ಲದೆ ಕಾದ ತಂತಿಯಿಂದಲೇ ಮೆಥನಾಲ್ ಮಿಶ್ರಣವನ್ನು ಉರಿಸುವ ಪ್ಲಗ್ಗು, ಅದನ್ನು ಕೆಲವು ದಶಕ ಮೂಲೆಗೆ ತಳ್ಳಿತು. ಆಮೇಲೆ ಮರ ಕೊಯ್ಯುವ, ಹುಲ್ಲು ಕತ್ತರಿಸುವ ಯಂತ್ರಗಳ ಎಂಜಿನ್ನುಗಳು ದೊಡ್ಡ ಮಾದರಿ ವಿಮಾನಗಳಿಗೆ ಏರಿದಾಗ ಪೆಟ್ರೋಲ್ ಮರಳಿ ಬಂತು. ಇಂದಿನ ಬಹುತೇಕ ಪೆಟ್ರೋಲ್ ಮಾದರಿ ಎಂಜಿನ್ನುಗಳು ಟೂ-ಸ್ಟ್ರೋಕ್ ಜಾತಿಯವು: ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬಂದರೆ ಒಂದು ಉರಿಯ ಸುತ್ತು ಮುಗಿಯುತ್ತದೆ, ಮತ್ತು ಒಳಗಿನ ಭಾಗಗಳಿಗೆ ಜಿಡ್ಡು ಒದಗಿಸುವ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಪೆಟ್ರೋಲ್ ಬಂಕಿನಲ್ಲಿ ಟೂ-ಟಿ ಆಯಿಲ್ ಬೆರೆಸಿಕೊಳ್ಳುತ್ತಿದ್ದುದು ಇನ್ನೂ ನೆನಪಿರುತ್ತದೆ. ಹೊಸ ಗಾಡಿಯ ಹಿಂದೆ ಅಂಟಿಸುತ್ತಿದ್ದ ‘ರನ್ನಿಂಗ್ ಇನ್’ ಎಂಬ ಚೀಟಿ ಕೂಡ.

ಆ ಚೀಟಿ ಹೇಳುತ್ತಿದ್ದ ಸಂಗತಿಯೇ ಇಲ್ಲಿ ಮುಖ್ಯ. ಕಾರ್ಖಾನೆಯಿಂದ ಬಂದ ಹೊಸ ಎಂಜಿನ್ನಿನ ಭಾಗಗಳು ಅಳತೆಯಲ್ಲಿ ನಿರ್ದುಷ್ಟವಾಗಿದ್ದರೂ ಎಂಜಿನ್ ಇನ್ನೂ ಎಂಜಿನ್ ಆಗಿರುವುದಿಲ್ಲ. ಸಿಲಿಂಡರಿನ ಒಳಗೋಡೆಯ ಮೇಲೆ, ಎಣ್ಣೆ ನಿಲ್ಲಲೆಂದು ಬೇಕೆಂದೇ ಅಡ್ಡಡ್ಡ ಗೆರೆ ಎಳೆದ ಸೂಕ್ಷ್ಮ ಒರಟುತನವಿರುತ್ತದೆ; ಪಿಸ್ಟನ್ನಿಗೆ ತೊಡಿಸಿದ ಉಂಗುರ, ಅಂದರೆ ಪಿಸ್ಟನ್ ರಿಂಗ್, ತನ್ನದೇ ಆದ ಒರಟುತನವನ್ನು ಹೊತ್ತು ಆ ಗೋಡೆಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಮುಟ್ಟದ ಕಡೆಯಿಂದ ಉರಿಯ ಒತ್ತಡ ನುಸುಳಿ ಹೋಗುತ್ತದೆ, ಮುಟ್ಟಿದ ಕಡೆ ಶಾಖ ವಿಪರೀತವಾಗುತ್ತದೆ. ಮೊದಲ ಕೆಲವು ಗಂಟೆಗಳ ಓಟದಲ್ಲಿ ಎರಡೂ ಮೈಗಳ ಏಣುಗಳು ಒಂದನ್ನೊಂದು ಉಜ್ಜಿ ಸವೆದು, ಉಂಗುರವು ಗೋಡೆಯ ಸುತ್ತಲೂ ಕೂರುತ್ತದೆ. ತಗ್ಗುಗಳು ಮಾತ್ರ ಎಣ್ಣೆಯನ್ನು ಹಿಡಿದುಕೊಳ್ಳಲು ಹಾಗೆಯೇ ಉಳಿಯುತ್ತವೆ. ಈ ಹಂತವನ್ನು ದಾಟಿಸುವುದೇ ರನ್-ಇನ್ ಅಥವಾ ಬ್ರೇಕ್-ಇನ್ ಎನಿಸಿಕೊಳ್ಳುವ ಕ್ರಿಯೆ.

ಇದು ಗುಣಾಧಾನವೋ ದೋಷಾಪನಯನವೋ? ಏಣುಗಳು ಸವೆದವೆಂಬುದನ್ನು ಹಿಡಿದರೆ ದೋಷಾಪನಯನವೆನ್ನಬಹುದು. ಆದರೆ ಆ ಏಣುಗಳನ್ನು ದೋಷವೆಂದು ಕರೆಯುವುದು ಸಲ್ಲದು, ಏಕೆಂದರೆ ಅವುಗಳಿಲ್ಲದೆ ಕನ್ನಡಿಯಂತೆ ನುಣುಪಾಗಿಸಿದ ಗೋಡೆಯ ಮೇಲೆ ಎಣ್ಣೆಯೂ ನಿಲ್ಲುವುದಿಲ್ಲ, ಉಂಗುರವೂ ಕೂರುವುದಿಲ್ಲ. ಸವೆಯುವುದಕ್ಕಾಗಿಯೇ ಅವನ್ನು ಅಲ್ಲಿ ಇಡಲಾಗಿದೆ. ಒತ್ತಡವನ್ನು ಹಿಡಿದಿಡುವ ಶಕ್ತಿ ಹೊಸದಾಗಿ ಬಂತೆಂದು ಗುಣಾಧಾನದ ಪಕ್ಷ ಹಿಡಿದರೆ, ಆ ಗುಣ ಉಂಗುರದಲ್ಲಿದೆಯೋ ಸಿಲಿಂಡರಿನಲ್ಲಿದೆಯೋ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಎಂಜಿನ್ ಕೆಲಸಗಾರರ ರೂಢಿಯಲ್ಲಿಯೇ ಉತ್ತರವಿದೆ. ಚೆನ್ನಾಗಿ ಪಳಗಿದ ಎಂಜಿನ್ನಿನ ಉಂಗುರವನ್ನು ಬದಲಿಸಿದರೆ, ಸಿಲಿಂಡರು ಹಳೆಯದೇ ಆಗಿದ್ದರೂ ರನ್-ಇನ್ ಮತ್ತೆ ಮೊದಲಿನಿಂದ ಆಗಬೇಕು. ತೆಗೆದ ಹಳೆಯ ಉಂಗುರವನ್ನು ಅದೇ ಅಳತೆಯ ಬೇರೆ ಸಿಲಿಂಡರಿಗೆ ಹಾಕಿದರೆ ಅಲ್ಲಿಯೂ ಅದರ ಹಳೆಯ ಪಳಗುವಿಕೆ ನೆರವಿಗೆ ಬಾರದು. ಗುಣವು ಎರಡರಲ್ಲಿ ಒಂದರಲ್ಲಿ ನೆಲೆಸಿದ್ದರೆ ಅದು ತನ್ನ ಆಶ್ರಯದ ಜೊತೆಗೆ ಹೋಗಬೇಕಿತ್ತು. ಹೋಗುವುದಿಲ್ಲವೆಂದ ಮೇಲೆ ಅದು ಇವೆರಡರ ನಡುವಿನ ಸಂಬಂಧದಲ್ಲಿ ಹುಟ್ಟಿದ್ದು, ಸಂಬಂಧ ಕಡಿದಾಗ ಅಳಿಯುವಂಥದ್ದು ಎನ್ನದೆ ಗತಿಯಿಲ್ಲ.

ಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ನಿದರ್ಶನವೆಂದರೆ ದರ್ಶಪೂರ್ಣಮಾಸ ಯಾಗದಲ್ಲಿ ಪುರೋಡಾಶವೆಂಬ ಹಿಟ್ಟಿನ ಹವಿಸ್ಸಿಗಾಗಿ ಭತ್ತವನ್ನು ಕುಟ್ಟುವ ವಿಧಿ. ಭತ್ತಕ್ಕೆ ಮಂತ್ರಪೂರ್ವಕವಾಗಿ ನೀರು ಚಿಮುಕಿಸುವ ಪ್ರೋಕ್ಷಣದ ಫಲ ಕಣ್ಣಿಗೆ ಕಾಣುವಂಥದ್ದಲ್ಲ, ಆದ್ದರಿಂದ ಅದನ್ನು ಅದೃಷ್ಟಾರ್ಥವೆನ್ನುತ್ತಾರೆ. ಕುಟ್ಟುವುದರ ಫಲವಾದರೋ ಹೊಟ್ಟು ಕಳಚಿ ಅಕ್ಕಿ ಹೊರಬರುವುದು, ಎಲ್ಲರಿಗೂ ಕಾಣುವುದು, ಆದ್ದರಿಂದ ಅದು ದೃಷ್ಟಾರ್ಥ. ಈ ಭೇದದಿಂದ ಮೀಮಾಂಸಕರು ಒಂದು ನಿಯಮವನ್ನು ತೆಗೆಯುತ್ತಾರೆ: ಫಲ ಅದೃಷ್ಟವಾಗಿದ್ದಲ್ಲಿ ಕ್ರಿಯೆಯನ್ನು ವಿಧಿಸಿದಂತೆ ಒಮ್ಮೆ ಮಾಡಿದರೆ ಮುಗಿಯಿತು; ಫಲ ದೃಷ್ಟವಾಗಿದ್ದಲ್ಲಿ ಅದು ಕೈಗೂಡುವವರೆಗೂ ಕ್ರಿಯೆಯನ್ನು ಆವರ್ತಿಸುತ್ತಲೇ ಇರಬೇಕು. ಒನಕೆಯನ್ನು ಒಂದು ಸಲ ಮುಟ್ಟಿಸಿ ಶಾಸ್ತ್ರ ಮುಗಿಸುವಂತಿಲ್ಲ.

ರನ್-ಇನ್ ಎಷ್ಟು ಹೊತ್ತು ಎಂಬ, ಎಂಜಿನ್ ಕೊಂಡ ಪ್ರತಿಯೊಬ್ಬರೂ ಕೇಳುವ ಪ್ರಶ್ನೆಗೆ ಇದಕ್ಕಿಂತ ಸರಿಯಾದ ನಿಯಮವಿಲ್ಲ. ತಯಾರಕರು ಇಷ್ಟು ಲೀಟರ್ ಇಂಧನವೆಂದು ಕೈಪಿಡಿಯಲ್ಲಿ ಬರೆಯುತ್ತಾರೆ, ಆದರೆ ಅದು ಅಂದಾಜು ಮಾತ್ರ. ಥ್ರಾಟಲನ್ನು ಅದೇ ಜಾಗದಲ್ಲಿಟ್ಟು, ಅದೇ ಪ್ರೊಪೆಲ್ಲರಿನೊಡನೆ ಓಡಿಸಿದಾಗ ನಿಮಿಷದ ಸುತ್ತುಗಳು ದಿನದಿಂದ ದಿನಕ್ಕೆ ಏರುತ್ತ ಬಂದು ಒಂದು ಹಂತದಲ್ಲಿ ನಿಲ್ಲುತ್ತವೆ, ಸಿಲಿಂಡರಿನ ಬಿಸಿ ತಗ್ಗುತ್ತದೆ, ಮಂದಗತಿಯ ಓಟ ಅಳುಕಿಲ್ಲದೆ ನಿಲ್ಲುತ್ತದೆ. ಇವು ಕಂಡಾಗ ಅಕ್ಕಿ ಹೊರಬಂತೆಂದು ತಿಳಿಯಬೇಕು. ಕಾಣದಿದ್ದರೆ ಕೈಪಿಡಿಯ ಲೀಟರುಗಳು ಮುಗಿದಿದ್ದರೂ ಕೆಲಸ ಮುಗಿದಿಲ್ಲ.

ಸವೆಸುವುದು ಹೇಗೆಂಬ ವಿಷಯದಲ್ಲಿ ಸಾಮಾನ್ಯ ಊಹೆ ದಾರಿ ತಪ್ಪಿಸುತ್ತದೆ. ಹೊಸದನ್ನು ಮೆಲ್ಲಗೆ, ಆಯಾಸವಾಗದಂತೆ ನಡೆಸಿಕೊಳ್ಳಬೇಕೆಂದುಕೊಂಡು ಎಂಜಿನ್ನನ್ನು ಗಂಟೆಗಟ್ಟಲೆ ಮಂದಗತಿಯಲ್ಲಿಯೇ ಓಡಿಸಿದರೆ ಉಂಗುರ ಕೂರುವುದೇ ಇಲ್ಲ. ಉಂಗುರವನ್ನು ಗೋಡೆಗೆ ಒತ್ತುವುದು ಅದರ ಸ್ಪ್ರಿಂಗಿನ ಬಲಕ್ಕಿಂತ ಹೆಚ್ಚಾಗಿ ಅದರ ಹಿಂಬದಿಗೆ ನುಗ್ಗುವ ಉರಿಯ ಒತ್ತಡ, ಮತ್ತು ಆ ಒತ್ತಡ ಬರುವುದು ಎಂಜಿನ್ ಭಾರ ಹೊತ್ತು ದುಡಿದಾಗ. ಭಾರವಿಲ್ಲದ ಓಟದಲ್ಲಿ ಅರೆಬೆಂದ ಎಣ್ಣೆ ಗೋಡೆಯ ತಗ್ಗುಗಳಲ್ಲಿ ತುಂಬಿ ಅರಗಿನಂತಹ ಮೆರುಗುಪದರವಾಗಿ ಗಟ್ಟಿಯಾದರೆ, ಆಮೇಲೆ ಸವೆಯಬೇಕಾದ ಏಣು ಉಂಗುರಕ್ಕೆ ಸಿಗುವುದೇ ಇಲ್ಲ. ಅತ್ತ ಮೊದಲ ದಿನವೇ ಎಂಜಿನ್ನನ್ನು ಪೂರ್ಣ ವೇಗದಲ್ಲಿ ಎಡೆಬಿಡದೆ ಓಡಿಸಿದರೆ ಶಾಖ ಮೀರಿ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಎಂಜಿನ್ ಸೀಜ್ ಆಗುತ್ತದೆ. ಆಗ ಬಿದ್ದ ಗೀರನ್ನು ಯಾವ ಪ್ರಾಯಶ್ಚಿತ್ತವೂ ಅಳಿಸದು. ಆದ್ದರಿಂದ ಅನುಭವಸ್ಥರು ವೇಗವನ್ನು ಏರಿಸಿ ಇಳಿಸುತ್ತ, ನಡುನಡುವೆ ತಣಿಯಲು ಬಿಡುತ್ತ, ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಕೊಡುತ್ತ, ಆದರೆ ನಿಜವಾದ ಭಾರವನ್ನು ಹೊರಿಸುತ್ತ ಎಂಜಿನ್ನನ್ನು ಪಳಗಿಸುತ್ತಾರೆ. ಎಣ್ಣೆಯ ಆಯ್ಕೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅತ್ಯುತ್ತಮ ಸಿಂಥೆಟಿಕ್ ಎಣ್ಣೆ ಉಜ್ಜುವಿಕೆಯನ್ನು ಅತಿಯಾಗಿ ತಡೆಯುವುದರಿಂದ, ಮೊದಲ ಹಂತಕ್ಕೆ ಸಾಧಾರಣ ಖನಿಜ ಎಣ್ಣೆಯನ್ನು 32 ಪಾಲು ಪೆಟ್ರೋಲಿಗೆ 1 ಪಾಲಿನಂತೆ, ಎಂದರೆ ಲೀಟರಿಗೆ ಸುಮಾರು 31 ಮಿಲಿಲೀಟರ್ ಬೆರೆಸಿ, ಪಳಗಿದ ಮೇಲೆ ಸಿಂಥೆಟಿಕ್ಕಿಗೆ ಹೋಗುವುದು ಹಲವರ ಪದ್ಧತಿ. ಒಳ್ಳೆಯದೆಲ್ಲವೂ ಎಲ್ಲ ಹಂತಕ್ಕೂ ಒಳ್ಳೆಯದಲ್ಲ ಎಂಬುದನ್ನು ಒಪ್ಪಲು ಧರ್ಮಬೋಧಕರಿಗಿರುವ ಹಿಂಜರಿಕೆ ಮೆಕ್ಯಾನಿಕ್ಕುಗಳಿಗಿಲ್ಲ.

ಎಲ್ಲ ಎಂಜಿನ್ನುಗಳಿಗೂ ಇದೇ ಕ್ರಮವೆಂದರೆ ಅದೂ ತಪ್ಪಾಗುತ್ತದೆ. ಮೆಥನಾಲಿನಿಂದ ಓಡುವ ಗ್ಲೋ ಎಂಜಿನ್ನುಗಳಲ್ಲಿ ಎಬಿಸಿ ಎಂಬ ಜಾತಿಯಿದೆ. ಅಲ್ಯೂಮಿನಿಯಂ ಪಿಸ್ಟನ್ನು, ಒಳಗೆ ಕ್ರೋಮಿಯಂ ಲೇಪಿಸಿದ ಹಿತ್ತಾಳೆಯ ಸಿಲಿಂಡರು, ಉಂಗುರವೇ ಇಲ್ಲ. ಅದರ ಸಿಲಿಂಡರು ತಣ್ಣಗಿದ್ದಾಗ ಮೇಲ್ಭಾಗದಲ್ಲಿ ಕಿರಿದಾಗಿದ್ದು, ಸರಿಯಾದ ಬಿಸಿಗೆ ಬಂದಾಗ ಮಾತ್ರ ಅರಳಿ ಪಿಸ್ಟನ್ನಿಗೆ ಎಡೆಮಾಡಿಕೊಡುತ್ತದೆ. ಅದನ್ನು ಇಂಧನ ಹೆಚ್ಚು ಕೊಟ್ಟು ತಣ್ಣಗೆ ಬಹಳ ಹೊತ್ತು ಓಡಿಸಿದರೆ, ಯಾವ ಬಿಗಿತ ಅದರ ಜೀವಾಳವೋ ಆ ಬಿಗಿತವೇ ಸವೆದು ಹೋಗುತ್ತದೆ. ಅದನ್ನು ಬೇಗ ಬಿಸಿಗೆ ತರಬೇಕು. ಒಂದಕ್ಕೆ ಆರೈಕೆಯಾದುದು ಇನ್ನೊಂದಕ್ಕೆ ಹಾನಿ. ಸಾಧನೆಯ ಮಾರ್ಗವು ಸಾಧಕನ ಅರ್ಹತೆಗೆ ತಕ್ಕಂತೆ ಬೇರೆಯಾಗಬೇಕೆನ್ನುವ ಅಧಿಕಾರಿಭೇದದ ತತ್ವವನ್ನು ಜಾತಿಯ ಮೇಲುಕೀಳಿಗೆ ಸಮರ್ಥನೆಯಾಗಿ ಬಳಸಿಕೊಂಡವರು ಬಹಳ ಮಂದಿ. ಅದರ ನಿರುಪದ್ರವಿಯಾದ ತಿರುಳು ಮಾತ್ರ ಇಷ್ಟೇ: ಯಾವ ರಚನೆಗೆ ಯಾವ ಕಷ್ಟ ಹಿತವೆಂಬುದನ್ನು ಆ ರಚನೆಯನ್ನು ನೋಡಿಯೇ ತಿಳಿಯಬೇಕು.

ಟ್ಯೂನಿಂಗ್, ಅಂದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುವ ಕೆಲಸ, ಅಳತೆಯ ಪ್ರಶ್ನೆಯನ್ನು ಎತ್ತುತ್ತದೆ. ಈ ಎಂಜಿನ್ನುಗಳ ಕಾರ್ಬ್ಯುರೇಟರಿನಲ್ಲಿ ಮಂದಗತಿಗೊಂದು, ಪೂರ್ಣಗತಿಗೊಂದು ಎಂದು ಎರಡು ಸೂಜಿ ತಿರುಪುಗಳಿರುತ್ತವೆ. ಬಿಚ್ಚಿದರೆ ಪೆಟ್ರೋಲ್ ಹೆಚ್ಚಿ ಮಿಶ್ರಣ ರಿಚ್ ಆಗುತ್ತದೆ, ಬಿಗಿದರೆ ಕಡಿಮೆಯಾಗಿ ಲೀನ್ ಆಗುತ್ತದೆ. ಎರಡನ್ನೂ ಪೂರ್ತಿ ಮುಚ್ಚಿ ಸುಮಾರು ಒಂದೂವರೆ ಸುತ್ತು ಬಿಚ್ಚುವುದು ಆರಂಭದ ರೂಢಿ. ಮಂದಗತಿಯ ಸೂಜಿ ಪೂರ್ಣಗತಿಯಲ್ಲಿಯೂ ಸ್ವಲ್ಪ ಪೆಟ್ರೋಲನ್ನು ಬಿಡುವುದರಿಂದ, ಒಂದನ್ನು ಸರಿಪಡಿಸಿದಾಗ ಇನ್ನೊಂದು ಕದಲುತ್ತದೆ. ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ ಬಂದು ಎರಡನ್ನೂ ಕೂಡಿಸಬೇಕು. ಸಾಲದ್ದಕ್ಕೆ ಪಳಗುತ್ತಿರುವ ಎಂಜಿನ್ ತಾನೇ ಬದಲಾಗುತ್ತಿರುವುದರಿಂದ ನಿನ್ನೆಯ ಸರಿ ಇಂದಿಗೆ ಸರಿಯಾಗಿ ಉಳಿದಿರುವುದಿಲ್ಲ. ಮಂಗಳೂರಿನ ಕಡಲತೀರದಲ್ಲಿ ಹೊಂದಿಸಿದ ಸೂಜಿ, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ರಿಚ್ ಆಗಿ ತೋರುತ್ತದೆ.

ಇಲ್ಲಿ ಸರಿ ಎಂದರೇನು? ರಸಾಯನಶಾಸ್ತ್ರದ ಪ್ರಕಾರ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅತಿ ಹೆಚ್ಚಿನ ಶಕ್ತಿ ದೊರೆಯುವುದು ಅಲ್ಲಲ್ಲ, ಸುಮಾರು 12.5ರಿಂದ 13 ಪಾಲು ಗಾಳಿಯಿರುವ, ತುಸು ರಿಚ್ ಮಿಶ್ರಣದಲ್ಲಿ. ಅನುಭವಿ ಹಾರಾಟಗಾರನು ಸೂಜಿಯನ್ನು ನಿಲ್ಲಿಸುವುದು ಅಲ್ಲಿಯೂ ಅಲ್ಲ. ಸುತ್ತುಗಳ ತುದಿಯನ್ನು ಒಮ್ಮೆ ಮುಟ್ಟಿ ನೋಡಿ, ಅಲ್ಲಿಂದ ನಿಮಿಷಕ್ಕೆ 200-300 ಸುತ್ತು ಇಳಿಯುವಷ್ಟು ಮತ್ತೆ ರಿಚ್ ಕಡೆಗೆ ಸರಿಯುತ್ತಾನೆ. ವಿಮಾನ ಗಾಳಿಯಲ್ಲಿ ಮುನ್ನುಗ್ಗುವಾಗ ಪ್ರೊಪೆಲ್ಲರಿನ ಭಾರ ತಗ್ಗಿ ಸುತ್ತುಗಳು ಏರುತ್ತವೆ, ನೆಲದ ಮೇಲೆ ತುದಿಗೆ ಹೊಂದಿಸಿದ್ದು ಮೇಲೆ ಹೋದಾಗ ಲೀನ್ ಆಗುತ್ತದೆ. ಟೂ-ಸ್ಟ್ರೋಕಿನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ ಆದ್ದರಿಂದ ಲೀನ್ ಎಂದರೆ ಬಿಸಿ ಹೆಚ್ಚುವುದು ಮತ್ತು ಜಿಡ್ಡು ಕಡಿಮೆಯಾಗುವುದು ಎರಡೂ ಏಕಕಾಲಕ್ಕೆ. ಎಂಜಿನ್ ಅತ್ಯಂತ ಚೊಕ್ಕವಾಗಿ, ಕಿವಿಗೆ ಹಿತವಾಗಿ ಹಾಡುವುದು ಕೆಡುವುದಕ್ಕೆ ಸ್ವಲ್ಪ ಮುಂಚೆ ಎಂಬುದು ಹೊಸಬರನ್ನು ಪದೇ ಪದೇ ಮೋಸಗೊಳಿಸುವ ಸಂಗತಿ. ರಿಚ್ ಕಡೆಯ ತಪ್ಪಾದರೋ ಹೆಚ್ಚೆಂದರೆ ಶಕ್ತಿಯನ್ನು ಕುಗ್ಗಿಸಿ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಸಿ, ಸುತ್ತು ಬಿಟ್ಟು ಸುತ್ತು ಉರಿಯುವ ಗುಡುಗುಟ್ಟುವ ಸದ್ದು ಮಾಡಿಸೀತು.

ಮಧ್ಯಮಮಾರ್ಗದ ಬಗ್ಗೆ ಮಾತು ಬಂದಾಗಲೆಲ್ಲ ಬೌದ್ಧರ ಅಂಗುತ್ತರ ನಿಕಾಯದಲ್ಲಿ ಬರುವ ಸೋಣನ ಪ್ರಸಂಗವನ್ನು ನೆನೆಯುವುದುಂಟು. ಅತಿಯಾದ ಪರಿಶ್ರಮದಿಂದ ಬೇಸತ್ತ ಸೋಣ ಭಿಕ್ಷುವಿಗೆ ಬುದ್ಧನು, ಅವನು ಗೃಹಸ್ಥನಾಗಿದ್ದಾಗ ನುಡಿಸುತ್ತಿದ್ದ ವೀಣೆಯ ತಂತಿ ಅತಿ ಬಿಗಿಯಾಗಿದ್ದರೂ ಅತಿ ಸಡಿಲವಾಗಿದ್ದರೂ ನುಡಿಯದೆಂಬುದನ್ನು ಜ್ಞಾಪಿಸಿ, ಪ್ರಯತ್ನದಲ್ಲಿಯೂ ಸಮತೆ ಬೇಕೆನ್ನುತ್ತಾನೆ. ದೃಷ್ಟಾಂತ ಸೊಗಸಾಗಿದೆ, ಆದರೆ ಅದನ್ನು ಬಳಸುವವರು ಎರಡು ಅತಿಗಳೂ ಒಂದೇ ಬೆಲೆಯವೆಂಬ ಭಾವನೆಯನ್ನು ಸೇರಿಸಿಬಿಡುತ್ತಾರೆ. ಅರಿಸ್ಟಾಟಲನ ವಿವೇಚನೆ ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ನೀತಿಶಾಸ್ತ್ರದ ಎರಡನೆಯ ಪುಸ್ತಕದಲ್ಲಿ ಅವನು, ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಮಿನಾ ಕಡಿಮೆ ಎಂದಾದರೆ ಎಲ್ಲರಿಗೂ ಆರೇ ಸರಿಯೆಂದು ಲೆಕ್ಕ ಹಾಕಲಾಗದು, ಅದು ಮಲ್ಲನಾದ ಮೈಲೋನಿಗೆ ಸಾಲದೆ ಹೊಸದಾಗಿ ಗರಡಿಗೆ ಬಂದವನಿಗೆ ಮಿಗಿಲಾದೀತು ಎನ್ನುತ್ತಾನೆ. ಮುಂದುವರಿದು, ಎರಡು ಅತಿಗಳಲ್ಲಿ ಒಂದು ಇನ್ನೊಂದಕ್ಕಿಂತ ಹೆಚ್ಚು ಕೆಡುಕಿನದಾಗಿರುವುದರಿಂದ, ಮಧ್ಯವನ್ನು ಕರಾರುವಾಕ್ಕಾಗಿ ಹೊಡೆಯಲಾಗದವರು ಕಡಿಮೆ ಕೆಡುಕಿನ ಕಡೆಗೆ ವಾಲಿಕೊಳ್ಳಬೇಕೆಂದು ಸಲಹೆ ಕೊಡುತ್ತಾನೆ. ಒಂದೂವರೆ ಸುತ್ತಿನಿಂದ ಆರಂಭಿಸಿ, ಕೇಳುತ್ತ ತಿರುಗಿಸುತ್ತ, ಕಡೆಗೆ ರಿಚ್ ಕಡೆಗೆ ನಿಲ್ಲುವವನ ಕೈ ಮಾಡುವುದು ಇದನ್ನೇ. ಇಲ್ಲಿ ಹದವೆಂಬುದು ಎರಡು ತುದಿಗಳ ಅರ್ಧದಾರಿಯಲ್ಲಿಯೂ ಇಲ್ಲ, ಶಕ್ತಿಯ ಶಿಖರದಲ್ಲಿಯೂ ಇಲ್ಲ. ವಿಮಾನ ಮೇಲಕ್ಕೇರುವಾಗ ಏನಾದೀತು ಎಂಬ ಮುಂದಾಲೋಚನೆಯಲ್ಲಿದೆ.

ಇಷ್ಟನ್ನು ಒಪ್ಪಿದವರೂ ಅರಿಸ್ಟಾಟಲನ ಇನ್ನೊಂದು ಮಾತನ್ನು ಎದುರಿಸಬೇಕಾಗುತ್ತದೆ. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆ ಎಸೆದರೂ ಅದಕ್ಕೆ ಮೇಲೇರುವ ಅಭ್ಯಾಸ ಹಿಡಿಯುವುದಿಲ್ಲ, ಏಕೆಂದರೆ ಸ್ವಭಾವದಿಂದ ಬಂದುದು ಅಭ್ಯಾಸದಿಂದ ಬದಲಾಗದು. ಸದ್ಗುಣಗಳಾದರೋ ಸ್ವಭಾವದಿಂದ ಬಂದವೂ ಅಲ್ಲ, ಸ್ವಭಾವಕ್ಕೆ ವಿರುದ್ಧವೂ ಅಲ್ಲ, ಅವನ್ನು ಪಡೆಯಬಲ್ಲ ಸಾಮರ್ಥ್ಯ ಸ್ವಭಾವದ್ದಾಗಿದ್ದು ಅಭ್ಯಾಸ ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಅವನ ವಾದ. ಎಂಜಿನ್ ಕಲ್ಲಿನ ಪಕ್ಷವೋ ಮನುಷ್ಯನ ಪಕ್ಷವೋ? ಲೋಹಕ್ಕೆ ಅಭ್ಯಾಸವಿಲ್ಲವೆನ್ನುವುದು ಸುಲಭ, ಆದರೆ ದುಡಿಮೆಯಿಂದಲೇ ದುಡಿಮೆಗೆ ಯೋಗ್ಯವಾಗುವ ಲಕ್ಷಣ ಅದರಲ್ಲಿ ಕಾಣುತ್ತದೆ, ಮತ್ತು ಮೊದಲ ದಿನಗಳ ನಡವಳಿಕೆ ಕೊನೆಯವರೆಗೂ ಉಳಿಯುವುದೂ ಕಾಣುತ್ತದೆ. ಇಲ್ಲದಿರುವುದು ಆಯ್ಕೆ. ಎಂಜಿನ್ ತನ್ನ ಹದವನ್ನು ತಾನು ಬಯಸುವುದಿಲ್ಲ. ಸೂಜಿ ತಿರುಗಿಸುವ ಕೈ ಹೊರಗಿನದು. ಮನುಷ್ಯನಲ್ಲಿ ಎಂಜಿನ್ನೂ ಅವನೇ, ಸೂಜಿಯ ಮೇಲಿನ ಕೈಯೂ ಅವನೇ, ಸದ್ದನ್ನು ಕೇಳುವ ಕಿವಿಯೂ ಅವನೇ ಆದ್ದರಿಂದ, ಯಂತ್ರದ ಉದಾಹರಣೆಯಿಂದ ಚಾರಿತ್ರ್ಯದ ಬಗ್ಗೆ ತೀರ್ಮಾನ ತೆಗೆಯುವವರು ಈ ಗಡಿಯಲ್ಲಿ ನಿಲ್ಲಬೇಕು.

ಶಂಕರರು ಹಾಕುವ ಗಡಿ ಇನ್ನೂ ಕಟ್ಟುನಿಟ್ಟಿನದು. ಕ್ರಿಯೆಯಿಂದ ಆಗಬಹುದಾದುದು ನಾಲ್ಕೇ ಬಗೆ: ಇಲ್ಲದ್ದು ಹುಟ್ಟುವುದು, ದೂರದ್ದನ್ನು ಪಡೆಯುವುದು, ಇರುವುದು ಮಾರ್ಪಡುವುದು, ಇರುವುದು ಸಂಸ್ಕಾರಗೊಳ್ಳುವುದು. ಮೋಕ್ಷ ಇವುಗಳಲ್ಲಿ ಯಾವುದೂ ಅಲ್ಲವೆಂದು ತೋರಿಸುವುದು ಅವರ ಉದ್ದೇಶ. ಉಜ್ಜಿದಾಗ ಕನ್ನಡಿಯ ಹೊಳಪು ತೋರುವಂತೆ ಕ್ರಿಯೆಯಿಂದ ಆತ್ಮದ ಸ್ವರೂಪ ಹೊರಬಾರದೇಕೆ ಎಂಬ ಆಕ್ಷೇಪವನ್ನು ತಾವೇ ಎತ್ತಿ, ಕ್ರಿಯೆ ತನ್ನ ಆಶ್ರಯವನ್ನು ಮಾರ್ಪಡಿಸದೆ ಇರಲಾರದು, ಆತ್ಮ ಮಾರ್ಪಡುವಂಥದ್ದಲ್ಲ, ಆದ್ದರಿಂದ ಅದು ಯಾವ ಕ್ರಿಯೆಗೂ ಆಶ್ರಯವಾಗಲಾರದು ಎಂದು ಉತ್ತರಿಸುತ್ತಾರೆ. ಸ್ನಾನ, ಆಚಮನಾದಿಗಳಿಂದ ಸಂಸ್ಕಾರಗೊಳ್ಳುವುದು ದೇಹದೊಡನೆ ತನ್ನನ್ನು ಗುರುತಿಸಿಕೊಂಡವನು ಮಾತ್ರ. ಸವೆಯುವ ಮೈಯಿಲ್ಲದಿದ್ದಲ್ಲಿ ರನ್-ಇನ್ ಎಂಬ ಮಾತಿಗೆ ಅರ್ಥವಿಲ್ಲವೆಂಬುದನ್ನು ನೋಡಿದರೆ ಈ ವಾದದ ಬಲ ತಿಳಿಯುತ್ತದೆ. ಆಧ್ಯಾತ್ಮಿಕ ಉಪನ್ಯಾಸಗಳಲ್ಲಿ ಆತ್ಮಕ್ಕೆ ‘ಟ್ಯೂನಿಂಗ್’ ಮಾಡಿಸುವ ಇತ್ತೀಚಿನ ಚಪಲ ಕನಿಷ್ಠಪಕ್ಷ ಅದ್ವೈತದ ಹೆಸರಿನಲ್ಲಿ ನಡೆಯಬಾರದು.

ಆದರೆ ಆ ಉದ್ದೇಶಕ್ಕಾಗಿ ಶಂಕರರು ಬಳಸಿದ ಗುಣಾಧಾನ, ದೋಷಾಪನಯನ ಎಂಬ ವಿಭಾಗವನ್ನು ಲೋಕದ ಸಂಸ್ಕಾರಗಳೆಲ್ಲಕ್ಕೂ ಸಾಕಾದ ವಿವರಣೆಯೆಂದು ಹಿಡಿಯುವುದು ಬೇರೆ ಮಾತು. ಅಲ್ಲಿ ಸಂಸ್ಕಾರಕ್ಕೆ ಒಳಗಾಗುವ ವಸ್ತು ಒಂಟಿಯಾಗಿ ನಿಂತಿದೆ. ಗುಣವಾಗಲಿ ದೋಷವಾಗಲಿ ಅದರೊಳಗೇ ಇರಬೇಕು. ಆತ್ಮದ ಚರ್ಚೆಯಲ್ಲಿ ಇದರಿಂದ ತೊಡಕಿಲ್ಲ, ಅದು ಎರಡನೆಯದಿಲ್ಲದ್ದು ತಾನೇ. ಉಂಗುರ ಮತ್ತು ಸಿಲಿಂಡರಿನಂತೆ, ಗುರುಶಿಷ್ಯರಂತೆ, ಸತಿಪತಿಗಳಂತೆ ಎರಡು ಕೂಡಿ ಒಂದು ಕೆಲಸಕ್ಕೆ ಒದಗಬೇಕಾದ ಕಡೆಯಲ್ಲೆಲ್ಲ ಯೋಗ್ಯತೆ ಯಾರೊಬ್ಬರ ಸ್ವತ್ತೂ ಆಗಿರುವುದಿಲ್ಲ, ಎರಡೂ ಕಡೆ ಅಷ್ಟಷ್ಟು ಸವೆಯದೆ ಅದು ಬರುವುದೂ ಇಲ್ಲ. ಅಂತಹ ಸಂಸ್ಕಾರಗಳಿಗೆ ಪ್ರಯೋಜನವನ್ನೇ ಮುಂದಿಟ್ಟುಕೊಂಡ ಶಬರನ ಲಕ್ಷಣವೇ ಹೆಚ್ಚು ಸರಿಯಾದುದು.